ನೀಲಿ ನಂದಾದೀಪ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯಲ್ಲಿರುವ ನಮ್ಮ ಸಂಶೋಧನಾ ಕೇಂದ್ರದ ಬಾಗಿಲು ದಾಟಿದರೆ ಎದುರಿಗೇ ಒಂದು ಫೋಟೋ ಕಾಣುತ್ತದೆ. ಎತ್ತಿ ತೂಗುಹಾಕಲು ಇಬ್ಬರು ಆಳು ಬೇಕಾಗುವಷ್ಟು ದೊಡ್ಡದು, ಚಿನ್ನದ ಬಣ್ಣದ ಕಟ್ಟು. ಅದರಲ್ಲಿ ಟ್ರಸ್ಟಿನ ಅಧ್ಯಕ್ಷ ಕೆಂಚವೀರಪ್ಪನವರು ಜರಿಯಂಚಿನ ಶಲ್ಯ ಹೊದ್ದು, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕ್ಯಾಮೆರಾದತ್ತ ನೋಡುತ್ತಿದ್ದಾರೆ. ಮುಖದ ಮೇಲೆ ನೀಲಿ ಬೆಳಕು. ಪಕ್ಕದಲ್ಲಿ ಕೈಮುಗಿದು ನಿಂತವರು ನಮ್ಮ ನಿರ್ದೇಶಕ ಪ್ರೊಫೆಸರ್ ಕರಿಬಸವರಾಜ. ಅವರು ಕೈಮುಗಿದದ್ದು ದೇವರಿಗೋ ಅಧ್ಯಕ್ಷರಿಗೋ ಎಂದು ಬಂದವರು ಕೇಳುವುದುಂಟು. ನನಗೆ ಆ ಅನುಮಾನ ಯಾವತ್ತೂ ಬಂದಿಲ್ಲ.

ನಾನು ಸಿಮ್ರಾನ್. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿರುವ ಜಮಾಲ್ ಸಾಬರ ಮಗಳು. ಪುಣೆಯಲ್ಲಿ ಜೀವಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ, ಪೋಸ್ಟ್‌ಡಾಕ್ ಕೆಲಸಕ್ಕೆಂದು ಸ್ವಂತ ಊರಿಗೇ ಬಂದೆ. ಊರಿನ ಮೇಲಿನ ಪ್ರೀತಿಯಿಂದ ಬಂದೆ ಎಂದು ಕರಿಬಸವರಾಜರು ಎಲ್ಲರ ಮುಂದೆ ಹೇಳುತ್ತಾರೆ. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಬೇಕಾದ ಯಂತ್ರವನ್ನು ನಾನೇ ಕಟ್ಟಿಕೊಳ್ಳಲು ಬಿಡುತ್ತೇವೆ ಎಂದು ಒಪ್ಪಿದ ಜಾಗ ಇದೊಂದೇ ಆಗಿತ್ತು. ಅವರಿಗೆ ಆ ಯಂತ್ರ ಏನು ಮಾಡುತ್ತದೆಂದು ತಿಳಿದಿರಲಿಲ್ಲ, ಹಾಗಾಗಿ ಒಪ್ಪಿದರು.

ನನ್ನ ಕೆಲಸ ಹೇಳಲು ಕಷ್ಟದ್ದೇನಲ್ಲ. ಡಿಎನ್‌ಎ ಒಂದು ಉದ್ದನೆಯ ಬರಹ. ಅದನ್ನು ಓದಿ ನಕಲು ತೆಗೆಯುವ ಒಂದು ಕಿಣ್ವವಿದೆ. ಅದು ಬರಹದ ಮೇಲೆ ಅಕ್ಷರ ಅಕ್ಷರವಾಗಿ ನಡೆಯುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಿದ್ದರೆ ಪಕ್ಕಪಕ್ಕದ ಎರಡು ಅಕ್ಷರ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದೇ ಗಾಯ. ಗಾಯದ ಹತ್ತಿರ ಬಂದ ಕಿಣ್ವ ಮುಂದೆ ಹೋಗಲಾರದೆ ನಿಲ್ಲುತ್ತದೆ. ಅದು ನಿಂತದ್ದೇ ಸುಳಿವಾಗಿ ರಿಪೇರಿ ಮಾಡುವ ಪ್ರೋಟೀನುಗಳು ಬರುತ್ತವೆ. ಹಾಗೆ ನಿಂತ ಕಿಣ್ವ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ, ಯಾವಾಗ ಕೈಬಿಡುತ್ತದೆ ಎಂಬುದು ನನ್ನ ಪ್ರಶ್ನೆ. ಪ್ರಶ್ನೆ ಸಣ್ಣದು, ಉತ್ತರ ಸಿಗಬಹುದಾದದ್ದು. ಕರಿಬಸವರಾಜರಿಗೆ ಸಣ್ಣದು ಅಂದರೆ ಆಗುವುದಿಲ್ಲ.

ಯಂತ್ರವೂ ಅಷ್ಟೇ. ಕ್ವಾರ್ಟ್ಜ್ ಸ್ಫಟಿಕದ ಸ್ಲೈಡಿಗೆ ಡಿಎನ್‌ಎಯ ಒಂದು ತುದಿ ಅಂಟಿಸಬೇಕು, ಇನ್ನೊಂದು ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಮಣಿ. ಮೇಲಿನಿಂದ ಅಯಸ್ಕಾಂತ ಆ ಮಣಿಯನ್ನು ಹಿಡಿದೆಳೆಯುತ್ತದೆ. ಕಿಣ್ವ ನಡೆದ ಹಾಗೆ ಮಣಿ ಮೇಲೆ ಕೆಳಗೆ ಆಡುತ್ತದೆ; ನಿಂತರೆ ಮಣಿಯೂ ನಿಲ್ಲುತ್ತದೆ. ಮೈಕ್ರೋಸ್ಕೋಪಿನಲ್ಲಿ ನಾನು ನೋಡುವುದು ಅದನ್ನೇ. ಅಯಸ್ಕಾಂತ ಕೂರಿಸುವ ಹಿತ್ತಾಳೆ ಹಿಡಿಯನ್ನು ಅಬ್ಬಾ ತಮ್ಮ ಲೇತಿನಲ್ಲೇ ಕಡೆದುಕೊಟ್ಟರು. ಮೊದಲ ಎರಡು ಸಲ ಸರಿಯಾಗಲಿಲ್ಲವೆಂದು ಹಿಂದೆ ಕಳಿಸಿದ್ದಕ್ಕೆ ಎರಡು ದಿನ ಮಾತೂ ಬಿಟ್ಟರು. ಯಾರಾದರೂ ನೋಡಲು ಬಂದರೆ ಪ್ರೊಫೆಸರರು ಆ ಹಿಡಿಯ ಮೇಲೆ ಕೈಯಿಟ್ಟು, "ಇದು ನಾನು ಕಟ್ಟಿದ ಮಷಿನ್ ನೋಡ್ರಿ" ಎನ್ನುತ್ತಿದ್ದರು. ಅವರು ಪ್ರಯೋಗಾಲಯದ ವಸ್ತುಗಳಲ್ಲಿ ಕೈಯಿಂದ ಮುಟ್ಟಿದ್ದು ಅದೊಂದೇ. ಪಿಪೆಟ್ ಹಿಡಿದು ಎಷ್ಟು ವರ್ಷವಾಯಿತೋ ಅವರಿಗೇ ಮರೆತುಹೋಗಿದೆ.

ಈಗ ಆಯುಧ ಪೂಜೆಯ ವಿಷಯಕ್ಕೆ ಬರುತ್ತೇನೆ. ಈ ಹಬ್ಬದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ. ಅಬ್ಬಾನ ವರ್ಕ್‌ಶಾಪಿನಲ್ಲಿ ನಾನು ಹುಟ್ಟುವ ಮೊದಲಿನಿಂದ ಎರ್ರಿಸ್ವಾಮಿ ಮೇಸ್ತ್ರಿ ಪೂಜೆ ಮಾಡುತ್ತಿದ್ದಾರೆ. ಮೊದಲು ಮೇನ್ ಸ್ವಿಚ್ ಇಳಿಸುತ್ತಾರೆ. ಆಮೇಲೆ ಲೇತ್ ಒರೆಸಿ, ವಿಭೂತಿ ಎಳೆದು, ಚೆಂಡುಹೂವು ಕಟ್ಟಿ, ಬೂದುಗುಂಬಳ ಒಡೆಯುತ್ತಾರೆ. ಮರುದಿನ ಪೂಜೆ ಇಳಿಸುವವರೆಗೆ ಯಂತ್ರವನ್ನು ಯಾರೂ ಚಾಲೂ ಮಾಡುವುದಿಲ್ಲ. ವರ್ಷವೆಲ್ಲ ದುಡಿದದ್ದಕ್ಕೆ ಅದಕ್ಕೂ ಒಂದು ದಿನ ರಜೆ. ಅಬ್ಬಾ ಎಲ್ಲರಿಗೂ ಮಂಡಕ್ಕಿ ಮತ್ತು ಮಿಠಾಯಿ ಹಂಚುತ್ತಾರೆ, ಆ ತಟ್ಟೆ ಹಿಡಿಯುವುದು ಚಿಕ್ಕಂದಿನಿಂದ ನನ್ನ ಕೆಲಸ.

ಹಾಗಾಗಿ ಆ ಅಕ್ಟೋಬರಿನಲ್ಲಿಯೂ ಬೆಳಿಗ್ಗೆಯೇ ಕೇಂದ್ರಕ್ಕೆ ಹೋಗಿ ನನ್ನ ಸ್ಲೈಡುಗಳನ್ನು ಭದ್ರಪಡಿಸಿ ಕರೂರಿಗೆ ಹೊರಡುವವಳಿದ್ದೆ. ಹಬ್ಬಕ್ಕೆಂದು ಫ್ರಿಜ್ಜುಗಳನ್ನೆಲ್ಲ ಖಾಲಿ ಮಾಡಿಸಿ ತೊಳೆಸುತ್ತಿದ್ದರು. ಗಾಯವಿಲ್ಲದ, ಸರಿಯಾದ ಡಿಎನ್‌ಎ ಅಂಟಿಸಿದ ಸ್ಲೈಡುಗಳ ಕಪ್ಪು ಪೆಟ್ಟಿಗೆಯನ್ನು ಹುಡ್ಡಿನೊಳಗೆ ಇಟ್ಟೆ. ಹುಡ್ ಅಂದರೆ ಮುಂದೆ ಗಾಜಿನ ಬಾಗಿಲಿರುವ ದೊಡ್ಡ ಕಪಾಟು. ಒಳಗೆ ಧೂಳು ಬರುವುದಿಲ್ಲ. ಪೆಟ್ಟಿಗೆಯ ಮುಚ್ಚಳ ಹಾಕಿದೆ. ಮುಚ್ಚಳದ ಮೇಲೆ 'ತೆರೆಯಬಾರದು' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಓದು ಬಂದವರಿಗೆ ಎರಡರಲ್ಲಿ ಒಂದಾದರೂ ಸಾಕಿತ್ತು.

ವಿಜಯದಶಮಿ ಕಳೆದು ಬಂದಾಗ ಪೆಟ್ಟಿಗೆ ಇಟ್ಟಲ್ಲೇ ಇತ್ತು, ಮುಚ್ಚಳವೂ ಇತ್ತು. ಒಳಗೆ ಒಂದು ಚೆಂಡುಹೂವಿನ ಎಸಳು ಸಿಕ್ಕಿತು. ಹಬ್ಬದ ಮನೆಯಲ್ಲಿ ಎಸಳು ಎಲ್ಲಿಯೂ ಸಿಗುತ್ತದೆ. ಚಿಮುಟದಿಂದ ತೆಗೆದು ಎಸೆದೆ, ಕೆಲಸ ಶುರು ಮಾಡಿದೆ.

ಆ ತಿಂಗಳು ನಾನು ಮಾಡುತ್ತಿದ್ದ ಪ್ರಯೋಗ ಹೀಗೆ: ಸ್ಲೈಡಿನ ಮೇಲೆ ಸರಿಯಾದ ಡಿಎನ್‌ಎ, ಸುತ್ತಲಿನ ನೀರಿನಲ್ಲಿ ಗಾಯವಾದ ಡಿಎನ್‌ಎಯ ಚೂರುಗಳು. ಆ ಚೂರುಗಳು ರಿಪೇರಿ ಪ್ರೋಟೀನುಗಳನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆಯೇ ಎಂದು ನೋಡುವುದು. ಸರಿಯಾದ ಡಿಎನ್‌ಎ ಮೇಲೆ ಕಿಣ್ವ ಆರಾಮಾಗಿ ಓಡಬೇಕಿತ್ತು. ಓಡಲಿಲ್ಲ. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಇನ್ನೊಂದು ಸ್ಲೈಡಿನಲ್ಲೂ ನಿಂತಿತು. ಎಲ್ಲದರಲ್ಲೂ ನಿಂತಿತು.

ಇದನ್ನು ವಾರದ ಸಭೆಯಲ್ಲಿ ಹೇಳಿ, ಎಲ್ಲೋ ಏನೋ ಕೆಟ್ಟಿದೆ, ಹುಡುಕುತ್ತೇನೆ ಎಂದೆ. ಕರಿಬಸವರಾಜರ ಕಣ್ಣು ಅರಳಿದವು.

"ಕೆಟ್ಟಿಲ್ಲಮ್ಮ, ಕೆಟ್ಟಿಲ್ಲ. ಸುತ್ತಾ ಗಾಯ ಐತೆ ಅಂತ ಅದಕ್ಕೆ ಗೊತ್ತಾಗೈತೆ. ಮುಟ್ಟದೇನೇ ಗೊತ್ತಾಗೈತೆ! ಅದಕ್ಕೇ ನಿಂತೈತೆ."

"ಸರ್, ಅದೇ ಪೆಟ್ಟಿಗೆಯ ಸ್ಲೈಡನ್ನು ಗಾಯದ ಚೂರು ಹಾಕದೆ ಒಂದು ಸಲ ನೋಡೋಣ. ಆಮೇಲೆ ಹೇಳಬಹುದು."

"ನೋಡೋಣಂತೆ. ಅದಕ್ಕೇನು ಅವಸರ?" ಎಂದರು. ಪತ್ರಿಕೆಯವರಿಗೆ ಫೋನ್ ಮಾಡಲು ಮಾತ್ರ ಅವಸರವಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಗಾದೆಯಲ್ಲಿ ಕೇಳಿದ್ದೆ. ಇವರು ಎತ್ತು ಈಯುವ ಮೊದಲೇ ಗಿಣ್ಣಿಗೆ ಊರನ್ನು ಕರೆದವರು.

ಡಿಸೆಂಬರಿನಲ್ಲಿ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ ಅವರಿಗೆ ಸನ್ಮಾನವಾಯಿತು. ಹರಿಹರ ಅವರ ಹುಟ್ಟೂರು. ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು, 'ಜೀವವಿಜ್ಞಾನ ರತ್ನ' ಎಂದು ಬಿರುದು ಕೊಟ್ಟರು. ನನ್ನನ್ನೂ ವೇದಿಕೆಯ ಹಿಂದಿನ ಸಾಲಿನಲ್ಲಿ, ಧ್ವನಿವರ್ಧಕದ ಪೆಟ್ಟಿಗೆಯ ಪಕ್ಕ ಕೂರಿಸಿದ್ದರು.

"ನೋಡ್ರಿ," ಎಂದರು ರತ್ನ. "ಪಕ್ಕದ ಮನ್ಯಾಗೆ ಸಾವಾದ್ರೆ ನಾವು ಒಲೆ ಹಚ್ತೀವೇನ್ರಿ? ಹಚ್ಚಲ್ಲ. ಡಿಎನ್‌ಎಗೂ ಆ ಸಂಸ್ಕಾರ ಐತೆ ಅಂತ ನಾವು ದಾವಣಗೆರ್ಯಾಗೆ ಕಂಡುಹಿಡಿದೀವಿ. ಅಮೆರಿಕದೋರು ಕಂಡುಹಿಡೀಲಿಲ್ಲ. ಯಾಕ? ಅವರಿಗೆ ಪಕ್ಕದ ಮನ್ಯಾಗೆ ಯಾರದಾರೆ ಅಂತ್ಲೇ ಗೊತ್ತಿಲ್ಲ!"

ಚಪ್ಪಾಳೆ ಎಂದರೆ ಚಪ್ಪಾಳೆ. ನನ್ನ ಪಕ್ಕದ ಪೆಟ್ಟಿಗೆ ಅದನ್ನೆಲ್ಲ ಇಮ್ಮಡಿ ಮಾಡಿ ನನ್ನ ಕಿವಿಗೆ ಸುರಿಯಿತು. ಕೆಂಚವೀರಪ್ಪನವರು ಎದ್ದು ನಿಂತು, ಹೊಸ ಐದು ವರ್ಷದ ಯೋಜನೆಗೆ ಅರ್ಜಿ ಹಾಕುವುದಾಗಿ, ಅದಕ್ಕೆ ಬೆಂಗಳೂರಿನಿಂದ ತಜ್ಞರು ಪರಿಶೀಲನೆಗೆ ಬರುವುದಾಗಿ ಘೋಷಿಸಿದರು. ಮಂಡಿಪೇಟೆಯಲ್ಲಿ ಸಗಟು ವ್ಯಾಪಾರ ಮಾಡಿ ಮೇಲೆ ಬಂದ ಮನುಷ್ಯ ಅವರು. ವಿಜ್ಞಾನ ತನಗೆ ತಿಳಿಯದೆಂದು ಅವರಾದರೂ ಒಪ್ಪಿಕೊಳ್ಳುತ್ತಿದ್ದರು. ನನ್ನ ಕೆಲಸದ ಅವಧಿ ಮಾರ್ಚಿಗೆ ಮುಗಿಯುವುದಿತ್ತು. ಈ ಯೋಜನೆ ಬಂದರೆ ನಾನೂ ಐದು ವರ್ಷ ಉಳಿಯುತ್ತಿದ್ದೆ, ಯಂತ್ರವೂ ನನ್ನ ಕೈಯಲ್ಲೇ ಉಳಿಯುತ್ತಿತ್ತು. ಅರ್ಜಿಯ ಜೊತೆ ಹೋಗುವ ಪ್ರಬಂಧದಲ್ಲಿ ಮೊದಲ ಹೆಸರು ನನ್ನದೇ ಇತ್ತು.

ಜನವರಿಯಲ್ಲಿ ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ಸ್ಲೈಡುಗಳನ್ನು ತೆಗೆದುಕೊಂಡು, ಗಾಯದ ಚೂರು ಹಾಕದೆ, ಬರೀ ಸರಿಯಾದ ಡಿಎನ್‌ಎ ಮೇಲೆ ಕಿಣ್ವ ಬಿಟ್ಟೆ. ನಿಂತಿತು. ಪಕ್ಕದ ಮನೆಯೇ ಇಲ್ಲ, ಸಾವೂ ಇಲ್ಲ, ಆದರೂ ಒಲೆ ಹತ್ತಲಿಲ್ಲ. ಹೊಸದಾಗಿ ಸ್ಲೈಡುಗಳನ್ನು ಮಾಡಿ, ಸುತ್ತ ಗಾಯದ ಚೂರುಗಳನ್ನು ಧಾರಾಳವಾಗಿ ಸುರಿದು ನೋಡಿದೆ. ಕಿಣ್ವ ಓಡಿದ್ದೇ ಓಡಿದ್ದು. ಹಾಗಿದ್ದರೆ ಕೆಟ್ಟಿದ್ದು ಆ ಒಂದು ಪೆಟ್ಟಿಗೆ. ಆ ಪೆಟ್ಟಿಗೆಯ ಡಿಎನ್‌ಎಗೆ ಎಲ್ಲೋ ಗಾಯವಾಗಿತ್ತು.

ಉತ್ತರ ಸಿಕ್ಕಿದ್ದು ಅದೇ ವಾರ, ಬಾಗಿಲಲ್ಲಿ. ಇಬ್ಬರು ಆಳುಗಳು ಹೊಸ ಫೋಟೋವನ್ನು ಗೋಡೆಗೆ ಏರಿಸುತ್ತಿದ್ದರು. ಅಧ್ಯಕ್ಷರ ಬೆರಳು, ಸ್ವಿಚ್ಚು, ನೀಲಿ ಬೆಳಕು. ಗಾಜಿನ ಹಿಂದೆ ಅರಿಶಿನ ಕುಂಕುಮ ಹಚ್ಚಿದ ನನ್ನ ಕಪ್ಪು ಪೆಟ್ಟಿಗೆ, ಅದರ ಪಕ್ಕದಲ್ಲಿ ಬಿಡಿಸಿಟ್ಟ ಮುಚ್ಚಳ. ಒಳಗಿನ ಸ್ಲೈಡುಗಳು ಸಾಲಾಗಿ ನೀಲಿ ಬೆಳಕಿನಲ್ಲಿ ಹೊಳೆಯುತ್ತಿದ್ದವು. ನನ್ನ ಕಾಲು ಅಲ್ಲಿಯೇ ನಿಂತವು.

ಹುಡ್ಡಿನೊಳಗಿನ ಆ ನೀಲಿ ದೀಪ ಕ್ರಿಮಿ ಕೊಲ್ಲಲು ಇರುವುದು. ಅದು ಸೂಸುವುದು ಅತಿನೇರಳೆ ಕಿರಣ. ಡಿಎನ್‌ಎಗೆ ಗಾಯ ಮಾಡಿಯೇ ಅದು ಕ್ರಿಮಿಗಳನ್ನು ಕೊಲ್ಲುತ್ತದೆ. ಮಾಮೂಲಿ ಗಾಜು ಆ ಕಿರಣವನ್ನು ತಡೆಯುತ್ತದೆ, ಕ್ವಾರ್ಟ್ಜ್ ತಡೆಯುವುದಿಲ್ಲ. ಹುಡ್ಡಿನ ಬಾಗಿಲು ಮಾಮೂಲಿ ಗಾಜಿನದಾದ್ದರಿಂದ ಅಧ್ಯಕ್ಷರ ಮುಖ ಉಳಿಯಿತು; ಸ್ಲೈಡು ಕ್ವಾರ್ಟ್ಜಿನದಾದ್ದರಿಂದ ನನ್ನ ಡಿಎನ್‌ಎ ಉಳಿಯಲಿಲ್ಲ.

ಆಫೀಸಿನ ಯೋಗರಾಜ್‌ನನ್ನು ಹಿಡಿದು ಕೇಳಿದೆ. ಅವನು ಒಂದಕ್ಷರ ಮುಚ್ಚಿಡದೆ ಹೇಳಿದ.

"ಎಣ್ಣೆ ದೀಪ ಹಚ್ಚಂಗಿಲ್ಲ ಅಂತ ರೂಲ್ಸ್ ಐತಲ್ರಿ ಮೇಡಂ, ಗ್ಯಾಸು, ಸ್ಪಿರಿಟು ಇರ್ತಾವಂತ. ಚೇರ್ಮನ್ರು ದೀಪ ಇಲ್ದೆ ಎಂಥ ಪೂಜೆ ಅಂತ ಮುಖ ಸಣ್ಣ ಮಾಡಿದ್ರು. ಆವಾಗ ಸರ್ರು, ಈ ನೀಲಿ ದೀಪಾನೇ ನಂದಾದೀಪ, ಇದು ಕ್ರಿಮಿ ಎಲ್ಲಾ ಕೊಂದು ಪವಿತ್ರ ಮಾಡ್ತೈತೆ ಅಂದ್ರು. ಚೇರ್ಮನ್ರಿಗೆ ಭಾಳ ಖುಷಿ ಆತು. ಮರುದಿನ ಸಾಯಂಕಾಲದವರೆಗೂ ಆರಿಸಬ್ಯಾಡ್ರಿ ಅಂದ್ರು."

"ಪೆಟ್ಟಿಗೆ ತೆಗೆದವರು ಯಾರು?"

"ಸರ್ರೇ. ದೇವರ ಮುಂದೆ ಏನೂ ಮುಚ್ಚಿಡಬಾರ್ದು ಅಂತ ತೆಗೆದ್ರು. ಫೋಟೋಕ್ಕೂ ಚಲೋ ಬಂತು. ಪೂಜೆ ಇಳಿಸಿದ ಮ್ಯಾಲೆ ನಾನೇ ಅರಿಶಿನ ಕುಂಕುಮ ಒರೆಸಿ ಮುಚ್ಚಳ ಹಾಕಿಟ್ಟೆ. ಯಾಕ್ರಿ ಮೇಡಂ, ಏನಾರ ಕಳುವಾಗೈತಾ?"

ನನಗೆ ನಗು ಬಂತು, ಮೈ ಉರಿಯಿತು, ಎರಡೂ ಒಟ್ಟಿಗೆ. ಡಿಎನ್‌ಎಯ ಗಾಯದ ಬಗ್ಗೆ ಊರೂರು ಭಾಷಣ ಮಾಡುವ ಮನುಷ್ಯ, ಗಾಯ ಮಾಡುವ ದೀಪವನ್ನೇ ನಂದಾದೀಪ ಮಾಡಿ, ಡಿಎನ್‌ಎಯನ್ನು ಅದರ ಕೆಳಗೆ ತೆರೆದಿಟ್ಟು ಕೈಮುಗಿದಿದ್ದಾರೆ! ಈ ತಪ್ಪನ್ನು ಮಾಡಲು ವಿಜ್ಞಾನವೂ ಗೊತ್ತಿರಬಾರದು, ಪೂಜೆಯೂ ಗೊತ್ತಿರಬಾರದು. ಯಂತ್ರಕ್ಕೆ ರಜೆ ಕೊಡುವ ದಿನ ಯಂತ್ರ ಚಾಲೂ ಮಾಡುವ ಆಯುಧ ಪೂಜೆಯನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ಎರ್ರಿಸ್ವಾಮಿ ಮೇಸ್ತ್ರಿ ಕಂಡಿದ್ದರೆ ಬೈದು ಹೊರಗೆ ಹಾಕುತ್ತಿದ್ದರು.

ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೊಸ ಸ್ಲೈಡಿನ ಫಲಿತಾಂಶ ತೋರಿಸಿದೆ. ಪ್ರಬಂಧವನ್ನು ಕಳಿಸುವಂತಿಲ್ಲ, ನಾನು ಸಹಿ ಹಾಕುವುದಿಲ್ಲ ಎಂದೆ. ಕರಿಬಸವರಾಜರು ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸಿದರು. ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾಯಿತು, ಅದನ್ನು ಕಂಡೆ. ಅದಕ್ಕೇ ಅವರನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ.

"ಕೂತ್ಕೋ ಅಮ್ಮ," ಎಂದರು ಬೆಣ್ಣೆಯಂಥ ದನಿಯಲ್ಲಿ. "ನೀ ಹೇಳೋದು ಸರಿನೇ ಇರಬೋದು. ಆದ್ರೆ ಒಂದು ವಿಚಾರ ಮಾಡು. ಪೂಜೆಯಿಂದ ಪ್ರಯೋಗ ಕೆಟ್ಟೈತೆ ಅಂತ ನಿನ್ನ ಬಾಯಾಗೆ ಬಂದ್ರೆ ಊರಾಗೆ ಹೆಂಗ್ ಕೇಳಿಸ್ತೈತೆ? ಬ್ಯಾರೆ ಯಾರಾದ್ರೂ ಹೇಳಿದ್ರೆ ಅದೊಂದು ಥರ. ನೀನು ಹೇಳಿದ್ರೆ... ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ನಿಮ್ಮಪ್ಪಾರು ಕರೂರಾಗೆ ಅಷ್ಟು ವರ್ಷದಿಂದ ವ್ಯವಹಾರ ಮಾಡ್ಕೊಂಡು ಅದಾರೆ."

ನಾನು ಫಲಿತಾಂಶದ ಹಾಳೆಗಳನ್ನು ಎತ್ತಿಕೊಂಡು ಎದ್ದು ಬಂದೆ. ಆ ಮನುಷ್ಯನ ಮೇಲೆ ಖರ್ಚು ಮಾಡುವಷ್ಟು ಅಗ್ಗದ ಮಾತು ನನ್ನ ಹತ್ತಿರ ಒಂದೂ ಇರಲಿಲ್ಲ.

ಮನೆಯಲ್ಲಿ ಅಬ್ಬಾಗೆ ಹೇಳಿದೆ. ಅಮ್ಮಿ ಅಖ್ತರ್ ಬಾನು ಬಾಯಿಗೆ ಸೆರಗು ಇಟ್ಟುಕೊಂಡು ಕೇಳಿದಳು, ಆಮೇಲೆ "ಸುಮ್ನೆ ಇದ್ದುಬಿಡು" ಎಂದಳು. ಅಬ್ಬಾ ಕೇಳಿದ್ದು ಇಷ್ಟೇ: "ಮಷಿನ್ ಆನ್ ಇಟ್ಟು ಪೂಜೆ ಮಾಡಿದ್ರಾ?" ಹೌದು ಎಂದೆ. "ಥೂ!" ಎಂದರು. ಆ ರಾತ್ರಿ ಅದಕ್ಕಿಂತ ಸಮಾಧಾನದ ಮಾತು ನನಗೆ ಬೇಕಿರಲಿಲ್ಲ.

ಈ ಕಡೆ ಪ್ರೊಫೆಸರರಿಗೆ ಒಂದು ಹೊಸ ಸಂಕಟ ಶುರುವಾಗಿತ್ತು. ಫೆಬ್ರವರಿಯಲ್ಲಿ ತಜ್ಞರು ಬರುತ್ತಾರೆ, ಬಂದವರ ಕಣ್ಣಿಗೆ ಮೊದಲು ಬೀಳುವುದೇ ಆ ಫೋಟೋ. ತೆಗೆಸೋಣ ಎಂದರೆ ಅಧ್ಯಕ್ಷರ ಫೋಟೋ. ಅದನ್ನು ಗೋಡೆಯಿಂದ ಇಳಿಸುವ ಗಂಡು ಆ ಕೇಂದ್ರದಲ್ಲಿ ಹುಟ್ಟಿರಲಿಲ್ಲ. ಇಡಲೂ ಆಗದು, ಇಳಿಸಲೂ ಆಗದು, ಬಾಯೊಳಗಿನ ಬಿಸಿ ತುಪ್ಪ. ಪೆಟ್ಟಿಗೆ ಇರುವ ಭಾಗ ಮುಚ್ಚುವ ಹಾಗೆ ದೊಡ್ಡದೊಂದು ಹೂವಿನ ಹಾರ ಹಾಕಿಸಿಬಿಟ್ಟರು. ಯೋಗರಾಜ್ ಓಡಿಬಂದು, "ಸಾರ್, ಬದುಕಿರೋರ ಫೋಟೋಕ್ಕೆ ಹಾರ ಹಾಕ್ಸಿದೀರಲ್ಲ, ಚೇರ್ಮನ್ರು ನೋಡಿದ್ರೆ ನಮ್ಮ ತಿಥಿ ಮಾಡ್ತಾರೆ" ಎಂದು ಹೇಳಿದ ಮೇಲೆ ಬೆವರಿ ತೆಗೆಸಿದರು. ಕೊನೆಗೆ ಫೋಟೋದ ಮುಂದೆ ಆಳೆತ್ತರದ ಪ್ಲಾಸ್ಟಿಕ್ ಗಿಡವೊಂದು ಬಂತು. ಅದರ ಎಲೆಗಳು ಪೆಟ್ಟಿಗೆಯನ್ನೂ ಅಧ್ಯಕ್ಷರ ಹೊಟ್ಟೆಯನ್ನೂ ಅರ್ಧರ್ಧ ಮುಚ್ಚಿದವು. ಇದು ನಮ್ಮ 'ಜೀವವಿಜ್ಞಾನ ರತ್ನ' ಆ ವರ್ಷ ತಾನೇ ಕೈಯಿಟ್ಟು ಮಾಡಿದ ಏಕೈಕ ಪ್ರಯೋಗ.

ನನ್ನ ಸಹಿ ಇಲ್ಲದೆ ಪ್ರಬಂಧ ಹೋಗುವಂತಿರಲಿಲ್ಲ. ಹಾಗಾಗಿ ಅದನ್ನು 'ಕಳಿಸಲು ಸಿದ್ಧವಾಗಿದೆ' ಎಂದು ಅರ್ಜಿಯಲ್ಲಿ ಬರೆದರು. ತಜ್ಞರು ಬರುವ ದಿನ ಬೆಳಿಗ್ಗೆ ನನ್ನನ್ನು ಕರೆದು, "ನೀನು ಮಷಿನ್ ತೋರ್ಸು, ಅಷ್ಟೇ. ಬ್ಯಾರೆ ಮಾತು ನಾನು ಆಡ್ತೀನಿ" ಎಂದರು. ಕೇಳಿದವರಿಗೆ ಇದ್ದದ್ದನ್ನು ಹೇಳುವುದೆಂದು ನಾನು ಆಗಲೇ ತೀರ್ಮಾನ ಮಾಡಿಕೊಂಡಿದ್ದೆ. ಕೇಳುತ್ತಾರೋ ಇಲ್ಲವೋ ಎಂಬುದೊಂದೇ ಗೊತ್ತಿರಲಿಲ್ಲ. ತಜ್ಞರು ಬರುತ್ತಾರೆ, ಬೆಣ್ಣೆ ದೋಸೆ ತಿನ್ನುತ್ತಾರೆ, ಶಾಲು ಹೊದೆಯುತ್ತಾರೆ, ಹೋಗುತ್ತಾರೆ. ಇಲ್ಲಿನ ಪದ್ಧತಿ ಅದು.

ಬಂದವರು ಡಾಕ್ಟರ್ ಲಕ್ಷ್ಮೀದೇವಿ ಎಂಬ ಹಿರಿಯ ಹೆಂಗಸು, ಜೊತೆಗೆ ಇನ್ನಿಬ್ಬರು. ಕೆಂಚವೀರಪ್ಪನವರೇ ಬಾಗಿಲಲ್ಲಿ ನಿಂತು ಬರಮಾಡಿಕೊಂಡರು. ಪ್ರೊಫೆಸರರು ಎಲ್ಲರನ್ನೂ ಸರಸರನೆ ಒಳಗೆ ಕರೆದೊಯ್ಯಲು ನೋಡಿದರು. ಅಧ್ಯಕ್ಷರು ಬಿಡಬೇಕಲ್ಲ!

"ಬರ್ರಿ ಮೇಡಮ್ಮಾರೆ, ಮೊದ್ಲು ಇದನ್ನ ನೋಡ್ರಿ," ಎಂದು ಫೋಟೋದ ಮುಂದೆ ನಿಲ್ಲಿಸಿದರು. "ಯಾವನೋ ಈ ಗಿಡ ಇಲ್ಲಿ ಇಟ್ಟೋನು? ನನ್ನ ಹೊಟ್ಟೆಗೇ ಅಡ್ಡ ಬಂದೈತಲ್ಲ!" ಎಂದು ತಾವೇ ಕಾಲಿನಿಂದ ಕುಂಡವನ್ನು ಪಕ್ಕಕ್ಕೆ ತಳ್ಳಿದರು.

ಲಕ್ಷ್ಮೀದೇವಿಯವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಇದು ಹುಡ್ಡಿನ ಯುವಿ ದೀಪ ಅಲ್ಲವಾ?"

"ಅದೇನೋ ನಂಗೊತ್ತಿಲ್ಲ ತಾಯಿ. ನಮಗೆ ಇದು ನಂದಾದೀಪ. ಆಯುಧ ಪೂಜೆ ದಿನ ನಾನೇ ಹಚ್ಚಿದ್ದು. ವಿಜಯದಶಮಿ ಸಾಯಂಕಾಲದವರೆಗೂ ಆರಾಕೆ ಬಿಟ್ಟಿಲ್ಲ!"

"ಆ ತೆರೆದ ಪೆಟ್ಟಿಗೆಯಲ್ಲಿ ಏನಿದೆ?"

ಕರಿಬಸವರಾಜರ ಮೇಲ್ದುಟಿಯ ಮೇಲೆ ಬೆವರು ಕಂಡಿತು. ಆಮೇಲೆ ನಕ್ಕರು.

"ಖಾಲಿ ಸ್ಲೈಡು ಮೇಡಂ. ಪೂಜೆಗೆ ಅಂತ ಸುಮ್ನೆ ಇಟ್ಟಿದ್ದು." ನನ್ನ ಕಡೆ ತಿರುಗಿದರು. "ಅಲ್ವೇನಮ್ಮ ಸಿಮ್ರಾನ್? ಪೆಟ್ಟಿಗೆ ಇಟ್ಟೋಳು ನೀನೇ ಅಲ್ವಾ, ಹೇಳು. ಖಾಲಿನೇ ಅಲ್ವಾ?"

ಒಂದು ತಿಂಗಳ ಹಿಂದೆ ಈ ವಿಷಯ ನನ್ನ ಬಾಯಲ್ಲಿ ಬರಬಾರದು ಎಂದು ಹೆದರಿಸಿದವರು ಇವರೇ. ಈಗ ನನ್ನ ಬಾಯಿಯೇ ಬೇಕಾಗಿತ್ತು, ಅದರಲ್ಲಿ ಒಂದು 'ಹೌದು' ಬೇಕಾಗಿತ್ತು. ಆ ಒಂದು ಮಾತಿಗೆ ಐದು ವರ್ಷ ಸಿಗುತ್ತಿತ್ತು, ಅಬ್ಬಾ ಕಡೆದ ಹಿಡಿ ಇರುವ ಯಂತ್ರ ಸಿಗುತ್ತಿತ್ತು, ನನ್ನ ಸಣ್ಣ ಪ್ರಶ್ನೆಗೆ ಉತ್ತರವೂ ಸಿಗಬಹುದಿತ್ತು. ಎಲ್ಲವೂ ಬೇಕೆನಿಸಿತ್ತು. ಯಂತ್ರವಂತೂ ಎಲ್ಲಕ್ಕಿಂತ ಹೆಚ್ಚು ಬೇಕೆನಿಸಿತ್ತು. ಪ್ರೊಫೆಸರರ ಮುಖ ನೋಡಿದೆ. ಆ ಮುಖದಲ್ಲಿದ್ದ ನಂಬಿಕೆ ಕಂಡು ಹೇಸಿಗೆಯಾಯಿತು. ಇವಳೂ ನನ್ನಂಥವಳೇ ಎಂಬ ನಂಬಿಕೆ ಅದು.

"ಖಾಲಿ ಅಲ್ಲ ಸರ್," ಎಂದೆ. "ಪ್ರಬಂಧದಲ್ಲಿರೋ ಸ್ಲೈಡುಗಳೇ ಅವು. ನಾನು ಮುಚ್ಚಿಟ್ಟಿದ್ದೆ."

ಲಕ್ಷ್ಮೀದೇವಿಯವರಿಗೆ ಹೆಚ್ಚು ಬೇಕಾಗಲಿಲ್ಲ. ಫೋಟೋವನ್ನು ಇನ್ನೊಮ್ಮೆ ನೋಡಿ, "ಸರಿ" ಎಂದರು. ಕೆಂಚವೀರಪ್ಪನವರು ಅವರ ಮುಖ, ನನ್ನ ಮುಖ, ನಿರ್ದೇಶಕರ ಮುಖ ನೋಡಿದರು.

"ಏನಾತ್ರೀ? ಯಾಕ ಎಲ್ಲಾ ಸುಮ್ಕಾದ್ರಿ?"

"ನಿಮ್ಮವರು ಡಿಎನ್‌ಎಯಲ್ಲಿ ಒಂದು ಗಾಯದ ಪರಿಣಾಮ ಕಂಡರಲ್ಲ," ಎಂದರು ಲಕ್ಷ್ಮೀದೇವಿ ಮೆತ್ತಗೆ. "ಆ ಗಾಯ ಈ ದೀಪದಿಂದ ಆಗಿದ್ದು."

ಅಧ್ಯಕ್ಷರು ಫೋಟೋದಲ್ಲಿ ತಮ್ಮ ಬೆರಳನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಬೆರಳನ್ನು ನೋಡಿದರು. "ಅಂದ್ರೆ ಗಾಯ ಮಾಡಿದ್ದು ನಾನಾ?" ಎಂದರು. ಅವರ ದನಿ ಸಣ್ಣದಾಗಿತ್ತು. ಅಷ್ಟು ಹೊತ್ತಿನಲ್ಲಿ ಆ ಬಾಗಿಲಲ್ಲಿ ನಿಂತವರಲ್ಲಿ ನಾಚಿಕೆಪಟ್ಟವರು ಅವರೊಬ್ಬರೇ.

"ಇಲ್ರೀ ಸಾಹೇಬ್ರೆ, ನೀವಲ್ಲ!" ಎಂದು ಕರಿಬಸವರಾಜರು ಮುಂದೆ ಬಂದರು. "ಪೆಟ್ಟಿಗೆ ಅಲ್ಲಿ ಇಟ್ಟಿದ್ದೇ ತಪ್ಪು. ಇಟ್ಟಿದ್ದು ಸಿಮ್ರಾನು."

ಮುಂದಿನದು ಹೇಳಲು ಹೆಚ್ಚಿಲ್ಲ. ಯೋಜನೆ ಬರಲಿಲ್ಲ. ಪ್ರಬಂಧ ಹೋಗಲಿಲ್ಲ. 'ಸ್ಲೈಡುಗಳ ನಿರ್ವಹಣೆಯಲ್ಲಿ ನಿರ್ಲಕ್ಷ್ಯ' ಎಂದು ಬರೆದು ಮಾರ್ಚಿನಲ್ಲಿ ನನ್ನನ್ನು ಬೀಳ್ಕೊಟ್ಟರು. ಕರಿಬಸವರಾಜರು ನಿರ್ದೇಶಕರಾಗಿಯೇ ಇದ್ದಾರೆ; 'ರತ್ನ' ಬಿರುದನ್ನು ಯಾರೂ ವಾಪಸ್ ಕೇಳಿಲ್ಲ. ಲಕ್ಷ್ಮೀದೇವಿಯವರು ನನ್ನ ಹೊಸ ಸ್ಲೈಡುಗಳ ಫಲಿತಾಂಶ ತರಿಸಿಕೊಂಡು ಓದಿದರು, ಚೆನ್ನಾಗಿದೆ ಎಂದರು, ತಮ್ಮಲ್ಲಿ ಕೆಲಸ ಖಾಲಿಯಿಲ್ಲ ಎಂದೂ ಹೇಳಿದರು. ಇಲ್ಲದ್ದನ್ನು ಇಲ್ಲ ಎಂದು ಹೇಳಿದ ಮೊದಲ ಪ್ರೊಫೆಸರ್ ಅವರು. ಈಗ ನಾನು ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಮಧ್ಯಾಹ್ನ ಬೇರೆ ಊರುಗಳಿಗೆ ಅರ್ಜಿ ಬರೆಯುತ್ತೇನೆ. ಯಂತ್ರ ಅಲ್ಲೇ ಇದೆ. ಆ ಕಿಣ್ವ ಗಾಯದ ಮುಂದೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬುದು ನನಗಿನ್ನೂ ಗೊತ್ತಿಲ್ಲ, ಅದು ಗೊತ್ತಿಲ್ಲದೆ ನನಗೆ ನೆಮ್ಮದಿಯೂ ಇಲ್ಲ.

ಈ ವರ್ಷದ ಆಯುಧ ಪೂಜೆಯ ಬೆಳಿಗ್ಗೆ ಕರೂರಿನ ವರ್ಕ್‌ಶಾಪಿನಲ್ಲಿ ಮಂಡಕ್ಕಿ ಕಲಸುತ್ತಿದ್ದಾಗ ಫೋನ್ ಬಂತು. ಕರಿಬಸವರಾಜರು.

"ಚೆನ್ನಾಗಿದೀಯೇನಮ್ಮ ಸಿಮ್ರಾನ್? ಏನಿಲ್ಲ, ಇವತ್ತು ಪೂಜೆ ಅಲ್ವಾ, ಚೇರ್ಮನ್ರು ಬರ್ತಾ ಅದಾರೆ. ನೀಲಿ ದೀಪದ ತಂಟೆ ಬ್ಯಾಡ ಅಂದಾರೆ. ನಿನ್ನ ಮಷಿನ್ನಿಗೇ ಪೂಜೆ ಮಾಡಾಣ ಅಂತ. ಆದ್ರೆ ಅದನ್ನ ಆನ್ ಮಾಡಾಕೆ ಇಲ್ಲಿ ಯಾರ್ಗೂ ಬರ್ತಿಲ್ಲ. ಒಂದು ಲೈಟು ಹತ್ತಿದ್ರೆ ಸಾಕಮ್ಮ, ಫೋಟೋಕ್ಕೆ."

ಅಷ್ಟು ದಿನ 'ನಾನು ಕಟ್ಟಿದ ಮಷಿನ್' ಆಗಿದ್ದದ್ದು ಆನ್ ಆಗದಿದ್ದಾಗ 'ನಿನ್ನ ಮಷಿನ್' ಆಗಿತ್ತು. ನನ್ನ ಹಿಂದೆ ಎರ್ರಿಸ್ವಾಮಿ ಮೇಸ್ತ್ರಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದರು. ವರ್ಕ್‌ಶಾಪೆಲ್ಲ ಒಮ್ಮೆಗೇ ನಿಶ್ಶಬ್ದವಾಯಿತು.

"ಆಯುಧ ಪೂಜೆ ದಿನ ಯಂತ್ರ ಆನ್ ಮಾಡಬಾರದು ಸರ್," ಎಂದೆ. "ಅಷ್ಟೂ ಗೊತ್ತಿಲ್ವಾ ನಿಮಗೆ?"

ಫೋನಿಟ್ಟು ಮಂಡಕ್ಕಿಯ ತಟ್ಟೆ ಎತ್ತಿಕೊಂಡೆ.